ಬಾರ್ಬೆಕ್ಯೂ ತರಲು ಹೋದ ಮ್ಯಾನೇಜರ್

(ಬೆಂಗಳೂರಿನಲ್ಲಿ ಹಳೆಯ ರೆಕಾರ್ಡು ಕೇಳುವ ಹುಚ್ಚಿರುವ ಮೂವತ್ತು ಜನರ ಮುಂದೆ ಆಡಿದ ಮಾತು. ಗಿಟಾರ್ ನುಡಿಸಿ ತೋರಿಸಿದ್ದನ್ನೂ ಹಾಡು ಹಾಕಿದ್ದನ್ನೂ ಅಲ್ಲಲ್ಲೇ ಹೇಳಿದ್ದೇನೆ.)

ಮೈಕು ಸರಿಮಾಡುತ್ತಿದ್ದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕೇಳಿದರು, "ಇವತ್ತು ಆ ಗಡ್ಡದವರ ಬಗ್ಗೆ ತಾನೆ?" ಹೌದು ಸಾರ್, ಅವರ ಬಗ್ಗೆಯೇ, ಅಂದರೆ ಅಮೆರಿಕದ ಟೆಕ್ಸಸ್‌ನ ಮೂವರ ರಾಕ್ ಬ್ಯಾಂಡು ಝೀ ಝೀ ಟಾಪ್ ಬಗ್ಗೆ. ಆದರೆ ಇವತ್ತು ನಾವು ಕೇಳುವ ರೆಕಾರ್ಡಿನ ಹೊತ್ತಿಗೆ ಆ ಗಡ್ಡ ಇನ್ನೂ ಬಂದಿರಲಿಲ್ಲ. ಗಿಟಾರಿನ ಬಿಲ್ಲಿ ಗಿಬ್ಬನ್ಸ್, ಬಾಸಿನ ಡಸ್ಟಿ ಹಿಲ್ ಇಬ್ಬರೂ ಎದೆ ಮುಟ್ಟುವ ಗಡ್ಡದಲ್ಲಿ ಜನರೆದುರು ಬಂದದ್ದು 1979ರಲ್ಲಿ, ಉದ್ದನೆಯ ರಜೆ ಮುಗಿಸಿಕೊಂಡು. ಗಡ್ಡ ಬಿಡದ ಮೂರನೆಯವನ, ಡ್ರಮ್ಸ್ ನುಡಿಸುವವನ ಹೆಸರು ಫ್ರಾಂಕ್ ಬಿಯರ್ಡ್. ಬಿಯರ್ಡ್ ಅಂದರೆ ಗಡ್ಡ. ಈ ಜೋಕು ಹೇಳದೆ ಝೀ ಝೀ ಟಾಪ್ ಬಗ್ಗೆ ಮಾತು ಮುಗಿಸಿದವರನ್ನು ನಾನು ನೋಡಿಲ್ಲ. ಹೇಳಿಬಿಟ್ಟೆ, ಋಣ ತೀರಿತು.

1971ರ ಜನವರಿಯಲ್ಲಿ ಲಂಡನ್ ರೆಕಾರ್ಡ್ಸ್ ಕಂಪನಿ ಹೊರತಂದ ಈ ಆಲ್ಬಮ್ಮಿನ ಹೆಸರು 'ಝೀ ಝೀ ಟಾಪ್ಸ್ ಫಸ್ಟ್ ಆಲ್ಬಮ್'. ಹೆಸರಿಡಲು ಸೋಮಾರಿತನ ಅನ್ನಬಹುದು. ನನಗೇನೋ ಅದರಲ್ಲಿ ಸಣ್ಣ ಜಂಬ ಕಾಣುತ್ತದೆ. ಮೊದಲನೆಯದು ಅಂತ ಬರೆದ ಮೇಲೆ ಎರಡನೆಯದು ಬಂದೇ ಬರುತ್ತದೆ ಅಂತ ಹೇಳಿದ ಹಾಗಾಯಿತಲ್ಲ. ಹತ್ತು ಹಾಡು, ಎಲ್ಲ ಸೇರಿ ಸುಮಾರು 35 ನಿಮಿಷ. ಇದು ಅವರ ಅತ್ಯುತ್ತಮ ಆಲ್ಬಮ್ ಅಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಆ ಮಾತು 1973ರ 'ಟ್ರೆಸ್ ಓಂಬ್ರೆಸ್'ಗೆ ಸಲ್ಲಬೇಕು. ಹಾಗಿದ್ದರೂ ಇದನ್ನೇ ಎತ್ತಿಕೊಂಡೆ. ಯಾಕೆಂದರೆ ಇದರಲ್ಲಿ ಇನ್ನೂ ಏನೂ ಬಂದು ಸೇರಿಕೊಂಡಿಲ್ಲ. ಮುಂದೆ ಅವರ ಗುರುತಾದ ಕೆಂಪು ಕಾರಿಲ್ಲ, ವಿಡಿಯೋ ಇಲ್ಲ, ಸಿಂಥಸೈಜರ್ ಇಲ್ಲ. ಒಂದು ಗಿಟಾರ್, ಒಂದು ಬಾಸ್, ಒಂದು ಡ್ರಮ್ಸ್, ಮತ್ತೆ ಬೂಗಿ. ಒಂದು ಗಿಟಾರ್ ಅಂದೆನಲ್ಲ, ಅದು ಪೂರ್ತಿ ನಿಜವಲ್ಲ. ಆ ಸುಳ್ಳಿನ ಕಥೆಯೇ ಇವತ್ತಿನ ಮುಖ್ಯ ಕಥೆ. ಅದಕ್ಕೆ ಮೊದಲು ಬೂಗಿ ಅಂದರೇನು ಅಂತ ನೋಡೋಣ.

(ಇಲ್ಲಿ ಗಿಟಾರ್ ಎತ್ತಿಕೊಂಡೆ.)

ಐದನೇ ತಂತಿಯನ್ನು ಮುಟ್ಟದೆ ಖಾಲಿ ಬಿಡಿ. ಅದು ನಮ್ಮ ಷಡ್ಜ. ನಾಲ್ಕನೇ ತಂತಿಯ ಎರಡನೇ ಫ್ರೆಟ್ಟಿನಲ್ಲಿ ತೋರುಬೆರಳು ಇಡಿ. ಅದು ಪಂಚಮ. ಎರಡನ್ನೂ ಒಟ್ಟಿಗೆ ಮೀಟಿ. ಈಗ ತೋರುಬೆರಳು ಎತ್ತದೆ, ಉಂಗುರದ ಬೆರಳನ್ನು ಅದೇ ತಂತಿಯ ನಾಲ್ಕನೇ ಫ್ರೆಟ್ಟಿನ ಮೇಲೆ ಒತ್ತಿ. ಚತುಶ್ರುತಿ ಧೈವತ. ಸಪ ಸಪ ಸದ ಸದ. ಬೇಕಿದ್ದರೆ ಕಿರುಬೆರಳು ಐದನೇ ಫ್ರೆಟ್ಟಿಗೆ ಹೋಗಿ ಕೈಶಿಕಿ ನಿಷಾದವನ್ನೂ ಒಮ್ಮೆ ಮುಟ್ಟಿ ಬರಬಹುದು. ಇಷ್ಟೇ ಬಂಡವಾಳ. ಇದನ್ನೇ ನಾಲ್ಕು ಬಾರ್ (ಒಂದು ಬಾರ್ ಅಂದರೆ ನಾಲ್ಕು ಎಣಿಕೆ) ಷಡ್ಜದ ಮೇಲೆ, ಎರಡು ಬಾರ್ ಮಧ್ಯಮದ ಮೇಲೆ, ಮತ್ತೆರಡು ಷಡ್ಜದ ಮೇಲೆ, ಆಮೇಲೆ ಪಂಚಮದ ಮೇಲೊಂದು, ಮಧ್ಯಮದ ಮೇಲೊಂದು, ಕೊನೆಗೆ ಎರಡು ಬಾರ್ ಮನೆಗೆ, ಅಂದರೆ ಷಡ್ಜಕ್ಕೆ. ಹನ್ನೆರಡು ಬಾರಿನ ಒಂದು ಆವರ್ತ.

ಸ್ವರದ ಲೆಕ್ಕ ಹತ್ತು ನಿಮಿಷದಲ್ಲಿ ಕಲಿಯಬಹುದು. ಜೀವಮಾನ ತಿನ್ನುವುದು ಲಯ. ಆದಿತಾಳವನ್ನು ತಿಶ್ರ ನಡೆಯಲ್ಲಿ ಹಾಕಿಕೊಳ್ಳಿ. ತಕಿಟ ತಕಿಟ ತಕಿಟ ತಕಿಟ. ಈಗ 'ಕಿ' ನುಂಗಿಬಿಡಿ. ತ, ಟ, ತ, ಟ. ಇಂಗ್ಲಿಷಿನವರು ಶಫಲ್ ಅನ್ನುವುದು ಇದಕ್ಕೇ. (ಎಲ್ಲರೂ ಚಪ್ಪಾಳೆ ಹೊಡೆದು ನೋಡಿದೆವು. ಅರ್ಧ ಸಭೆ 'ಕಿ' ನುಂಗಲಿಲ್ಲ.) ನೋಡಿ, ಕಷ್ಟ ಇರುವುದು ಅಲ್ಲೇ. ಆ ಖಾಲಿ ಜಾಗ ತುಸು ಹಿಗ್ಗಿದರೆ ಹಾಡು ಕುಂಟುತ್ತದೆ, ಕುಗ್ಗಿದರೆ ಕವಾಯತು ಆಗುತ್ತದೆ. ಒಳ್ಳೆಯ ಡ್ರಮ್ಮರ್‌ಗಳು ಆ 'ಟ'ವನ್ನು ಕೂದಲೆಳೆಯಷ್ಟು ತಡಮಾಡಿ ಕೂರಿಸುತ್ತಾರೆ. ತಿಶ್ರ ಅಂದೆ ಅಂತ ಇದು ನಮ್ಮಿಂದಲೇ ಅಲ್ಲಿಗೆ ಹೋದದ್ದು ಅಂತ ಯಾರೂ ವಾಟ್ಸಾಪ್ ಹಾಕಬೇಡಿ. ಅರ್ಥವಾಗಲಿ ಅಂತ ನಮ್ಮ ಅಳತೆಗೋಲು ತಂದೆ, ಅಷ್ಟೆ.

ಇದು ಹುಟ್ಟಿದ್ದು ಪಿಯಾನೋದ ಎಡಗೈಯಲ್ಲಿ. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಪೂರ್ವ ಟೆಕ್ಸಸ್‌ನ ಕಾಡುಗಳಲ್ಲಿ ಮರ ಕಡಿಯುವ ಶಿಬಿರಗಳಿದ್ದವು, ಮರ ಸಾಗಿಸಲು ರೈಲು ಹಾಕಿದ್ದರು. ಕೂಲಿ ಮುಗಿಸಿ ಬಂದ ಕಪ್ಪು ಕೆಲಸಗಾರರಿಗೆ ಕುಡಿಯಲು, ಕುಣಿಯಲು ಹಲಗೆಯ ಗುಡಿಸಲುಗಳು. ಅಲ್ಲೊಂದು ಪಿಯಾನೋ. ಆ ಗಲಾಟೆಯಲ್ಲಿ ಸದ್ದು ಮುಟ್ಟಬೇಕಾದರೆ ಎಡಗೈ ರೈಲಿನ ಚಕ್ರದ ಹಾಗೆ ಒಂದೇ ಸಮ ತಿರುಗುತ್ತಿರಬೇಕು. ಮಾರ್ಷಲ್ ಎಂಬ ರೈಲ್ವೆ ಊರು ತಾನೇ ಬೂಗಿವೂಗಿಯ ತವರು ಅಂತ ಇವತ್ತಿಗೂ ಬೋರ್ಡು ಹಾಕಿಕೊಂಡಿದೆ. ಈ ಮಾರ್ಷಲ್ ಊರನ್ನು ನೆನಪಿಟ್ಟುಕೊಳ್ಳಿ. 1928ರಲ್ಲಿ ಪೈನ್‌ಟಾಪ್ ಸ್ಮಿತ್ ಎಂಬ ಪಿಯಾನೋ ವಾದಕ ರೆಕಾರ್ಡು ಮಾಡಿದ ಮೇಲೆ ಆ ಹೆಸರು ದೇಶಕ್ಕೆಲ್ಲ ಹಬ್ಬಿತು. 1936ರ ನವೆಂಬರಿನಲ್ಲಿ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡುಗಾರಿಕೆ) ಹಾಡುವ ರಾಬರ್ಟ್ ಜಾನ್ಸನ್ ಅದೇ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದ ಹೋಟೆಲೊಂದರಲ್ಲಿ ಕೂತು ಪಿಯಾನೋದ ಆ ಎಡಗೈಯನ್ನು ಗಿಟಾರಿನ ದಪ್ಪ ತಂತಿಗಳ ಮೇಲೆ ಇಳಿಸಿ ರೆಕಾರ್ಡು ಮಾಡಿದ. ನಾನು ಈಗ ನುಡಿಸಿದ ಸಪ ಸದ ಆ ವಂಶದ್ದೇ.

ಇನ್ನು ಹುಡುಗರ ವಿಷಯ. ಗಿಬ್ಬನ್ಸ್ ಹ್ಯೂಸ್ಟನ್‌ನವನು. ಅವನ ಹಿಂದಿನ ಬ್ಯಾಂಡು ಮೂವಿಂಗ್ ಸೈಡ್‌ವಾಕ್ಸ್, 1968ರಲ್ಲಿ ಹೆಸರಾಂತ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಟೆಕ್ಸಸ್‌ಗೆ ಬಂದಾಗ ಅವನಿಗಿಂತ ಮುಂಚೆ ವೇದಿಕೆ ಹತ್ತಿತ್ತು. ಹಿಲ್, ಬಿಯರ್ಡ್ ಇಬ್ಬರೂ ಡಲ್ಲಾಸ್ ಕಡೆಯ ಅಮೆರಿಕನ್ ಬ್ಲೂಸ್ ಬ್ಯಾಂಡಿನವರು. ಹೆಸರಿಗೆ ತಕ್ಕಂತೆ ತಲೆಗೂದಲಿಗೆ ನೀಲಿ ಬಣ್ಣ ಹಚ್ಚಿಕೊಂಡು ತಿರುಗುತ್ತಿದ್ದರು. ಝೀ ಝೀ ಟಾಪ್ 1969ರಲ್ಲೇ ಶುರುವಾಗಿತ್ತು, ಬೇರೆ ಡ್ರಮ್ಮರ್ ಮತ್ತು ಒಬ್ಬ ಆರ್ಗನ್ ವಾದಕನ ಜೊತೆ. ಹೆಸರು ಬಂದದ್ದು ಗೋಡೆಯ ಪೋಸ್ಟರುಗಳಿಂದ. ಬಿ. ಬಿ. ಕಿಂಗ್, ಝೀ. ಝೀ. ಹಿಲ್ ಎಂಬ ಇಬ್ಬರು ಬ್ಲೂಸ್ ಗಾಯಕರ ಹೆಸರು ಎರಡನ್ನೂ ಸೇರಿಸಿ ಝೀ ಝೀ ಕಿಂಗ್ ಮಾಡೋಣ ಅಂದುಕೊಂಡು, ಅದು ತೀರ ಹತ್ತಿರವಾಯಿತು ಅಂತ ಕಿಂಗ್ ಇರುವುದು ಎಲ್ಲರಿಗಿಂತ ಮೇಲೆ, ಅಂದರೆ ಟಾಪ್, ಅಂತ ಲೆಕ್ಕ ಹಾಕಿದರಂತೆ. ಈಗ ನಾವು ಕೇಳುವ ಮೂವರು ಒಟ್ಟಾಗಿ ಮೊದಲ ಕಛೇರಿ ಕೊಟ್ಟದ್ದು 1970ರ ಫೆಬ್ರವರಿ 10ರಂದು, ಬ್ಯೂಮಾಂಟ್ ಊರಿನಲ್ಲಿ. ಅಲ್ಲಿಂದ 2021ರಲ್ಲಿ ಡಸ್ಟಿ ಹಿಲ್ ತೀರಿಕೊಳ್ಳುವವರೆಗೆ ಆ ಮೂವರೇ. ನಮ್ಮಲ್ಲಿ ಅಣ್ಣತಮ್ಮಂದಿರೂ ಒಂದು ಮನೆಯಲ್ಲಿ ಅಷ್ಟು ವರ್ಷ ಇರುವುದು ಕಷ್ಟ.

ಶುರುವಿನ ದಿನಗಳ ಒಂದು ಕಥೆಯನ್ನು ಗಿಬ್ಬನ್ಸ್ ಬಹಳ ಸಲ ಹೇಳಿದ್ದಾನೆ. ಹ್ಯೂಸ್ಟನ್ ಪಕ್ಕದ ಆಲ್ವಿನ್‌ನಲ್ಲಿ ಕಾರ್ಯಕ್ರಮ. ಪರದೆ ಎದ್ದಾಗ ಎದುರಿಗೆ ಒಬ್ಬನೇ ಒಬ್ಬ ಕೇಳುಗ. ಅವನು ಸಂಕೋಚಪಟ್ಟು ಎದ್ದು ಹೋಗಲು ಹೊರಟನಂತೆ, ಇವರು ಬಿಡಲಿಲ್ಲ. ಪೂರ್ತಿ ನುಡಿಸಿ, ನಡುವೆ ಅವನಿಗೊಂದು ಕೋಕ್ ಕೊಡಿಸಿದರಂತೆ. ನಮ್ಮ ಕಡೆ ಮಳೆ ದಿನದ ಕಛೇರಿಗಳಿಗೆ ಹೋದವರಿಗೆ ಇದರಲ್ಲಿ ಅತಿಶಯ ಕಾಣಿಸುವುದಿಲ್ಲ.

ಇವರ ಮ್ಯಾನೇಜರ್ ಬಿಲ್ ಹ್ಯಾಮ್. ಆಲ್ಬಮ್ಮಿನ ನಿರ್ಮಾಪಕನೂ ಅವನೇ, ಕೆಲವು ಹಾಡುಗಳ ಕೆಳಗೆ ಅವನ ಹೆಸರೂ ಇದೆ. ಗಟ್ಟಿ ಆಸಾಮಿ. ಅವನದೊಂದು ನೇಮ: ಇದು ಮೂವರ ಬ್ಲೂಸ್ ಬ್ಯಾಂಡು, ಮೂವರು ನುಡಿಸಿದ್ದೇ ರೆಕಾರ್ಡಿನಲ್ಲಿ ಕೇಳಬೇಕು, ಮೇಲಿಂದ ಇನ್ನೊಂದು ಪದರ ಹಾಕುವ ಹಾಗಿಲ್ಲ. ಅವರು ರೆಕಾರ್ಡಿಂಗಿಗೆ ಹೋದದ್ದು ಟೈಲರ್ ಊರಿಗೆ. ಪೂರ್ವ ಟೆಕ್ಸಸ್, ಗುಲಾಬಿ ಬೆಳೆಗೆ ಹೆಸರಾದ ಊರು, ನೆನಪಿಟ್ಟುಕೊಳ್ಳಿ ಅಂದ ಮಾರ್ಷಲ್‌ನಿಂದ ನೂರು ಕಿಲೋಮೀಟರ್ ಆಸುಪಾಸು. ಅಲ್ಲಿ ರಾಬಿನ್ ಹುಡ್ ಬ್ರಯನ್ಸ್ ಎಂಬ ಎಂಜಿನಿಯರ್ ತನ್ನ ತಂದೆತಾಯಿಯ ಮನೆಯ ಪಕ್ಕದಲ್ಲೇ ಸ್ಟುಡಿಯೋ ಕಟ್ಟಿಕೊಂಡಿದ್ದ. ಅದು ಅವನ ನಿಜವಾದ ಹೆಸರೇ. ಸಣ್ಣ ಊರಿನ ಸ್ಟುಡಿಯೋ ಅಂತ ತಾತ್ಸಾರ ಬೇಡ. 1968ರ ಜನವರಿಯಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ 'ಜೂಡಿ ಇನ್ ಡಿಸ್‌ಗೈಸ್' ಹಾಡಿಗೆ ಕೆಲಸ ನಡೆದದ್ದು ಅಲ್ಲೇ.

ಬ್ರಯನ್ಸ್‌ಗೆ ಗಿಟಾರಿನ ಸದ್ದು ತೆಳ್ಳಗೆ ಕೇಳಿಸಿತು. ಅದೇ ಭಾಗವನ್ನು ಇನ್ನೊಮ್ಮೆ ನುಡಿಸಿ ಮೇಲೆ ಕೂರಿಸಿದರೆ ದಪ್ಪಗಾಗುತ್ತದೆ ಅಂತ ಅವನಿಗೆ ಗೊತ್ತು. ಹ್ಯಾಮ್ ಒಪ್ಪಲಿಲ್ಲ. ಆಮೇಲೆ ನಡೆದದ್ದನ್ನು ಬ್ರಯನ್ಸ್ ಮುಂದೆ ಎಷ್ಟೋ ಸಂದರ್ಶನಗಳಲ್ಲಿ ಖುಷಿಯಿಂದ ಹೇಳಿಕೊಂಡಿದ್ದಾನೆ. ಊಟದ ಹೊತ್ತಾಯಿತು, ಬಾರ್ಬೆಕ್ಯೂ ತಿನ್ನೋಣ ಅಂತ ಎದ್ದಿತು ಮಾತು. ಟೆಕ್ಸಸ್‌ನಲ್ಲಿ ಬಾರ್ಬೆಕ್ಯೂ ವಿಷಯ ನಮ್ಮಲ್ಲಿ ಬಿರಿಯಾನಿ ವಿಷಯ ಇದ್ದ ಹಾಗೆ. ಹತ್ತಿರದ್ದು ಯಾವುದೂ ಚೆನ್ನಾಗಿರುವುದಿಲ್ಲ, ದೂರದ್ದೇ ಚೆಂದ. ಹ್ಯಾಮ್‌ನನ್ನು ಆ ದೂರದ ಅಂಗಡಿಗೆ ಅಟ್ಟಿದರು. ಅವನ ಕಾರು ತಿರುವು ದಾಟಿತೋ ಇಲ್ಲವೋ, ಬ್ರಯನ್ಸ್ ಗಿಬ್ಬನ್ಸ್‌ನ ಗಿಟಾರನ್ನು ಒಂಚೂರು, ತೀರ ಒಂಚೂರು ಶ್ರುತಿ ತಪ್ಪಿಸಿ, ಅದೇ ಭಾಗವನ್ನು ಮತ್ತೊಮ್ಮೆ ನುಡಿಸಿಸಿ ಮೊದಲನೆಯದರ ಮೇಲೆ ಕೂರಿಸಿದ. ಹ್ಯಾಮ್ ಊಟ ತಂದ, ಟೇಪು ಕೇಳಿದ, ಸದ್ದು ಅವನಿಗೆ ಹಿಡಿಸಿಬಿಟ್ಟಿತು.

ಶ್ರುತಿ ತಪ್ಪಿಸಿದ್ದು ಯಾಕೆ? ಎರಡು ಗಿಟಾರ್ ಪಕ್ಕಾ ಒಂದೇ ಶ್ರುತಿಯಲ್ಲಿದ್ದರೆ ಕಿವಿಗೆ ಅಷ್ಟೇನೂ ಎರಡು ಅನ್ನಿಸುವುದಿಲ್ಲ, ಒಂದೇ ಜೋರಾದ ಹಾಗೆ ಇರುತ್ತದೆ. ಒಂದು ಗಿಟಾರಿನ ತಂತಿ ಸೆಕೆಂಡಿಗೆ 440 ಸಲ, ಇನ್ನೊಂದರದು 442 ಸಲ ಕಂಪಿಸಿದರೆ, ಆ ಎರಡರ ವ್ಯತ್ಯಾಸ ಸೆಕೆಂಡಿಗೆ ಎರಡು ಸಲ ಅಲೆಯಾಗಿ ಏರಿಳಿಯುತ್ತದೆ. ಸದ್ದು ಅಗಲವಾಗುತ್ತದೆ, ಉಸಿರಾಡುತ್ತದೆ. ದೇವಸ್ಥಾನದ ಪ್ರಾಕಾರದಲ್ಲಿ ಜೋಡಿ ನಾದಸ್ವರ ಕೇಳಿದವರಿಗೆ ಇದು ಹೊಸದಲ್ಲ. ಒಬ್ಬರೇ ನುಡಿಸಿದರೆ ಕೊರೆಯುವ ಸದ್ದು, ಇಬ್ಬರಾದಾಗ ಮೈಗೆ ಹತ್ತುವುದು ಆ ಕೂದಲೆಳೆಯ ಹೊಂದಿಕೆಯಿಲ್ಲದ ಹೊಂದಿಕೆಯಿಂದ. ಶುದ್ಧ ಬ್ಲೂಸ್, ಕಲಬೆರಕೆ ಇಲ್ಲ ಅಂತ ಜನ ಐವತ್ತು ವರ್ಷದಿಂದ ಹೊಗಳುತ್ತಿರುವ ಈ ಮೂವರ ಸದ್ದಿನೊಳಗೆ ನಾಲ್ಕನೆಯವನೊಬ್ಬ ಕೂತಿದ್ದಾನೆ. ಅವನೂ ಗಿಬ್ಬನ್ಸೇ, ಸ್ವಲ್ಪ ಅಪಶ್ರುತಿಯಲ್ಲಿ. ನನ್ನ ಮಟ್ಟಿಗೆ ಆಲ್ಬಮ್ಮಿನ ಪ್ರಾಣ ಅಲ್ಲಿದೆ. ಹ್ಯಾಮ್‌ನ ನೇಮ ಪೂರ್ತಿ ಪಾಲಿಸಿದ್ದರೆ ನಮಗೆ ಸಿಗುತ್ತಿದ್ದದ್ದು ಪ್ರಾಮಾಣಿಕವಾದ, ಸಪ್ಪೆಯಾದ ರೆಕಾರ್ಡು.

(ಮೊದಲ ಹಾಡು 'ಶೇಕಿಂಗ್ ಯುವರ್ ಟ್ರೀ' ಹಾಕಿದೆವು.)

ಕೇಳಿದಿರಲ್ಲ, ಅವಸರವೇ ಇಲ್ಲ. ಇಪ್ಪತ್ತೊಂದರ ಹುಡುಗರು ಐವತ್ತರವರ ಹಾಗೆ ನುಡಿಸುತ್ತಿದ್ದಾರೆ. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲೂ ಬೂಗಿಯ ಗಾಳಿ ಬೀಸುತ್ತಿತ್ತು. ಸ್ಟೇಟಸ್ ಕ್ವೋ ಎಂಬ ಬ್ಯಾಂಡು ಹಳೆಯ ವೇಷ ಕಳಚಿ ಬೂಗಿಗೆ ಇಳಿದಿತ್ತು. ಸವಾಯ್ ಬ್ರೌನ್ ಬ್ಯಾಂಡಿನಿಂದ ಹೊರಬಿದ್ದವರು ಕಟ್ಟಿದ ಫಾಗ್‌ಹ್ಯಾಟ್‌ನ ಮೊದಲ ಆಲ್ಬಮ್ 1972ರಲ್ಲಿ ಬಂತು, ಬ್ಲೂಸ್ ಹಾಡು ಕಟ್ಟುತ್ತಿದ್ದ ವಿಲ್ಲಿ ಡಿಕ್ಸನ್‌ನ ಹಳೆಯ ಹಾಡೊಂದನ್ನು ಗ್ಯಾಸ್ ಹೆಚ್ಚಿಸಿ ಕುದಿಸಿಕೊಂಡು. ಅವರ ಬೂಗಿಗೆ ವೇಗ ಹೆಚ್ಚು, ಬೆವರು ಹೆಚ್ಚು. ಇವರು ಇನ್ನೊಬ್ಬರ ಹಾಡು ಒಂದನ್ನೂ ಎತ್ತಿಕೊಳ್ಳಲಿಲ್ಲ, ಹತ್ತೂ ಸ್ವಂತದ್ದೇ. ಆದರೂ ಯಾವುದೂ ಹೊಸದು ಅನ್ನಿಸುವುದಿಲ್ಲ, ಎಲ್ಲ ಎಲ್ಲೋ ಕೇಳಿದ ಹಾಗೇ ಇವೆ. ಇದನ್ನು ದೂರಾಗಿ ಹೇಳುತ್ತಿಲ್ಲ.

ಎರಡನೆಯದು 'ಬ್ರೌನ್ ಶುಗರ್'. ರೋಲಿಂಗ್ ಸ್ಟೋನ್ಸ್‌ನದ್ದಲ್ಲ. ಅವರ ಅದೇ ಹೆಸರಿನ ಹಾಡು ಬಂದದ್ದು ಇದಾದ ಮೂರು ತಿಂಗಳಿಗೆ. ಹಾಡು ಶುರುವಾಗುವುದು ಗಿಬ್ಬನ್ಸ್ ಒಬ್ಬನಿಂದಲೇ, ಗಿಟಾರು ಮತ್ತು ಗಂಟಲು, ತಾಳವೇ ಇಲ್ಲದ ಹಾಗೆ ತೆವಳಿಕೊಂಡು. ಇನ್ನೇನು ಇದು ಹೀಗೇ ಮುಗಿಯುತ್ತದೆ ಅನ್ನುವಾಗ ಬಾಸು, ಡ್ರಮ್ಸು ಒಳಗೆ ಬರುತ್ತವೆ. ಆಲಾಪನೆ ಮುಗಿದು ಮೃದಂಗ ಬಿದ್ದಾಗ ಬೆನ್ನು ನೆಟ್ಟಗಾಗುತ್ತದಲ್ಲ, ಅಂಥದ್ದು. 'ಜಸ್ಟ್ ಗಾಟ್ ಬ್ಯಾಕ್ ಫ್ರಮ್ ಬೇಬೀಸ್' ನಿಧಾನದ ಬ್ಲೂಸ್. ಅದರಲ್ಲಿ ಗಿಬ್ಬನ್ಸ್ ಎಷ್ಟು ಕಡಿಮೆ ನುಡಿಸುತ್ತಾನೆ ಅಂತ ಲೆಕ್ಕ ಇಡಿ. ಅವನ ಕೈಯಲ್ಲಿದ್ದದ್ದು 1959ರ ಲೆಸ್ ಪಾಲ್ ಗಿಟಾರ್, ಹೆಸರು ಪರ್ಲಿ ಗೇಟ್ಸ್. ಅವನೇ ಹೇಳುವ ಪ್ರಕಾರ ಹಳೆಯ ಪ್ಯಾಕರ್ಡ್ ಕಾರೊಂದನ್ನು ಮಾರಿ ಬಂದ ದುಡ್ಡಿನಲ್ಲಿ ರೈತನೊಬ್ಬನ ಮನೆಯಿಂದ 250 ಡಾಲರಿಗೆ ತಂದದ್ದು. ಆ ವರ್ಷದ ಲೆಸ್ ಪಾಲ್‌ಗೆ ಇವತ್ತಿನ ಬೆಲೆ ಕೇಳಿದರೆ ಬೆಂಗಳೂರಲ್ಲಿ ಒಂದು ಫ್ಲಾಟು ನೆನಪಾಗುತ್ತದೆ. 'ಸ್ಕ್ವ್ಯಾಂಕ್', 'ನೇಬರ್ ನೇಬರ್' ಇವುಗಳ ಬಗ್ಗೆ ನಾನು ಹೆಚ್ಚು ಹೇಳಲಾರೆ. ಜಾಗ ತುಂಬಿಸಿದ ಹಾಡುಗಳು. ಪದಗಳ ವಿಷಯಕ್ಕೆ ಹೋಗುವುದೇ ಬೇಡ. ಹೆಂಗಸರ ಬಗ್ಗೆ ಹುಡುಗಾಟದ ಮಾತು, ಅರ್ಧಕ್ಕರ್ಧ ದ್ವಂದ್ವಾರ್ಥ. ಕೊನೆಯ 'ಬ್ಯಾಕ್‌ಡೋರ್ ಲವ್ ಅಫೇರ್' ಮಾತ್ರ ಅವರ ವೇದಿಕೆಯಲ್ಲಿ ಉಳಿದುಕೊಂಡಿತು. 1975ರ 'ಫ್ಯಾಂಡ್ಯಾಂಗೋ'ದಲ್ಲಿ ಅದರ ಸುತ್ತ ದೊಡ್ಡದೊಂದು ಬೂಗಿ ಮಾಲೆಯನ್ನೇ ಕಟ್ಟಿದರು.

ಡ್ರಮ್ಸ್ ಬಗ್ಗೆ ನನ್ನದೊಂದು ಹಳೆಯ ಸಿಟ್ಟಿದೆ. ಕವರಿನಲ್ಲಿ ಬಿಯರ್ಡ್ ಹೆಸರು 'ರೂಬ್ ಬಿಯರ್ಡ್' ಅಂತಿದೆ, ಹಳ್ಳಿಗಮಾರ ಅನ್ನುವ ಅರ್ಥದಲ್ಲಿ. ತೊಂಬತ್ತರ ದಶಕದಲ್ಲಿ ಕಾಲೇಜು ಹುಡುಗನಾಗಿ ತಿಂಗಳ ಖರ್ಚಿನಲ್ಲಿ ಉಳಿಸಿ ಈ ಆಲ್ಬಮ್ಮಿನ ಸಿ.ಡಿ. ಕೊಂಡೆ. ಮನೆಗೆ ತಂದು ಹಾಕಿದರೆ ಡ್ರಮ್ಸ್ ಖಾಲಿ ಗೋದಾಮಿನಲ್ಲಿ ತಗಡಿನ ಡಬ್ಬ ಬಡಿದ ಹಾಗೆ! ಹಳ್ಳಿಗಮಾರ ನುಡಿಸಿದ್ದು ಇದೇನಾ ಅಂತ ಅದನ್ನು ಅಟ್ಟಕ್ಕೆ ಹಾಕಿದೆ. ಎಷ್ಟೋ ವರ್ಷದ ಮೇಲೆ ಗೆಳೆಯನ ಸೋದರಮಾವ ಅಮೆರಿಕದಿಂದ ತಂದಿಟ್ಟಿದ್ದ ಎಲ್‌ಪಿ ಕೇಳಿದಾಗ ಬೇರೆಯದೇ ಮನುಷ್ಯ. ಒಣ ಸದ್ದು, ಹತ್ತಿರದ ಸದ್ದು, ಕೋಲು ಚರ್ಮಕ್ಕೆ ತಾಗಿದ್ದು ಗೊತ್ತಾಗುತ್ತದೆ, ಆಮೇಲೆ ಏನೂ ಇಲ್ಲ. ಆ 'ಕಿ' ನಿಜವಾಗಿ ಖಾಲಿ ಇದೆ. ಆಗಿದ್ದಿಷ್ಟು: 1983ರ 'ಎಲಿಮಿನೇಟರ್' ಲಕ್ಷಗಟ್ಟಲೆ ಮಾರಾಟವಾದ ಮೇಲೆ, 1987ರಲ್ಲಿ ಹಳೆಯ ಆಲ್ಬಮ್ಮುಗಳನ್ನು ಸಿ.ಡಿ.ಗೆ ಹಾಕುವಾಗ ಅವುಗಳನ್ನೂ ಎಂಬತ್ತರ ದಶಕದ ಸದ್ದಿಗೆ ತಿರುಗಿಸಿ ಮಿಕ್ಸ್ ಮಾಡಿದರು. ಡ್ರಮ್ಸ್‌ಗೆ ಪ್ರತಿಧ್ವನಿ ಸುರಿದರು. ಪ್ರತಿಧ್ವನಿ ಬಂದು ಆ ಖಾಲಿ ಜಾಗಗಳಲ್ಲೆಲ್ಲ ತುಂಬಿಕೊಂಡಿತು, ಶಫಲ್ ಉಸಿರುಕಟ್ಟಿ ಸತ್ತಿತು. ಈ ಆಲ್ಬಮ್ಮಿನ ಮೂಲ ಮಿಕ್ಸ್ ಡಿಸ್ಕಿನಲ್ಲಿ ಮತ್ತೆ ಕೈಗೆ ಸಿಕ್ಕಿದ್ದು 2013ರಲ್ಲಿ, ಹತ್ತು ಆಲ್ಬಮ್ಮುಗಳ ಪೆಟ್ಟಿಗೆಯ ಜೊತೆ. ಒಂದು ವಿಚಿತ್ರ ನೋಡಿ. 1970ರಲ್ಲಿ ಕದ್ದು ಸೇರಿಸಿದ ಗಿಟಾರ್ ಹಾಡನ್ನು ಉಳಿಸಿತು, 1987ರಲ್ಲಿ ಹೇಳಿಯೇ ಸೇರಿಸಿದ ಪ್ರತಿಧ್ವನಿ ಹಾಡನ್ನು ಕೊಂದಿತು. ಕಲಬೆರಕೆ ತಪ್ಪಲ್ಲ, ಎಲ್ಲಿ ಬೆರೆಸಬೇಕು ಅಂತ ಬ್ರಯನ್ಸ್‌ಗೆ ಗೊತ್ತಿತ್ತು.

ಎಲ್ಲೋ ಕೇಳಿದ ಹಾಗಿದೆ ಅಂದೆನಲ್ಲ, ಆ ಮಾತಿಗೆ ಕೋರ್ಟಿನ ಉಪಕಥೆ ಇದೆ. ಮೊದಲ ಆಲ್ಬಮ್ ಅಷ್ಟಾಗಿ ಮಾರಾಟವಾಗಲಿಲ್ಲ, ಹಾಗಾಗಿ ಯಾರೂ ತಕರಾರು ತೆಗೆಯಲಿಲ್ಲ. ಮೂರನೆಯದರಲ್ಲಿ ಅದೇ ಬೂಗಿಯನ್ನು ಇನ್ನಷ್ಟು ಹಿಂಡಿ 'ಲಾ ಗ್ರೇಂಜ್' ಮಾಡಿದರು, ಅದು ಹಿಟ್ ಆಯಿತು. ಹಿಟ್ ಆದ ಮೇಲೆ ವಕೀಲರು. ಬ್ಲೂಸ್ ಗಾಯಕ ಜಾನ್ ಲೀ ಹೂಕರ್ 1948ರಲ್ಲಿ ಡೆಟ್ರಾಯಿಟ್‌ನಲ್ಲಿ ರೆಕಾರ್ಡು ಮಾಡಿದ 'ಬೂಗಿ ಚಿಲನ್' ಹಾಡಿನಿಂದ ಇದನ್ನು ಎತ್ತಿದ್ದು ಅಂತ ದಾವೆ. ದಾವೆ ಹೂಡಿದ್ದು ಹೂಕರ್ ಅಲ್ಲ. ಆ ರೆಕಾರ್ಡು ಮಾಡಿಸಿದ ಬರ್ನಾರ್ಡ್ ಬೆಸ್ಮನ್‌ನ ಪ್ರಕಾಶನ ಸಂಸ್ಥೆ. 1995ರಲ್ಲಿ ಅಮೆರಿಕದ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಒಂದು ಮಾತು ಹೇಳಿತು: ರೆಕಾರ್ಡು ಮಾರಿದ ದಿನವೇ ಹಾಡು ಪ್ರಕಟವಾದ ಹಾಗೆ, ಆ ಲೆಕ್ಕದಲ್ಲಿ ಅದರ ಹಕ್ಕಿನ ಅವಧಿ ಯಾವಾಗಲೋ ಮುಗಿದಿದೆ. ಇದನ್ನು ಕೇಳಿ ಸಂಗೀತ ಕಂಪನಿಗಳ ಎದೆ ಧಸಕ್ಕೆಂದಿತು. ಈ ಲೆಕ್ಕ ನಿಂತರೆ ಹಳೆಯ ಹಾಡುಗಳ ರಾಶಿಯೇ ಸಾರ್ವಜನಿಕರ ಸೊತ್ತಾಗಿಬಿಡುತ್ತದೆ. 1997ರಲ್ಲಿ ಅಮೆರಿಕದ ಸಂಸತ್ತು ಕಾನೂನನ್ನೇ ತಿದ್ದಿ, 1978ಕ್ಕಿಂತ ಹಿಂದೆ ರೆಕಾರ್ಡು ಮಾರಿದ್ದನ್ನು ಹಾಡಿನ ಪ್ರಕಟಣೆ ಅಂತ ಎಣಿಸಬಾರದು ಅಂದಿತು.

ನನ್ನ ಅಭಿಪ್ರಾಯ ಕೇಳಿದರೆ, ಸಪ ಸದ ಯಾರಪ್ಪನ ಆಸ್ತಿಯೂ ಅಲ್ಲ. ಆದರೆ ಬೂಗಿ ನುಡಿಸಿ ಮನೆ ಕಟ್ಟಿಕೊಂಡವರು ಯಾರು, ಬಾಡಿಗೆ ಮನೆಯಲ್ಲೇ ಉಳಿದವರು ಯಾರು ಅಂತ ಕೇಳಿದರೆ ಅದು ಬೇರೆ ಪ್ರಶ್ನೆ. ಮರದ ಶಿಬಿರದ ಪಿಯಾನೋದವರ ಹೆಸರು ಯಾವ ಕೋರ್ಟಿನ ಕಡತದಲ್ಲೂ ಇಲ್ಲ. ಹೂಕರ್ ಆ ರೆಕಾರ್ಡು ಮಾಡುವ ಕಾಲಕ್ಕೆ ಡೆಟ್ರಾಯಿಟ್‌ನ ಕಾರು ಫ್ಯಾಕ್ಟರಿಗಳಲ್ಲಿ ಕಸ ಗುಡಿಸುವ ಕೆಲಸದಲ್ಲಿದ್ದ. ಗಿಬ್ಬನ್ಸ್ ಆ ಹಿರಿಯರ ಹೆಸರನ್ನು ಯಾವತ್ತೂ ಮುಚ್ಚಿಟ್ಟವನಲ್ಲ, ಬಾಯಿ ತೆರೆದರೆ ಅವರ ಮಾತೇ. ಅದರಿಂದ ಲೆಕ್ಕ ಚುಕ್ತಾ ಆಯಿತೆ, ನೀವೇ ಹೇಳಿ.

ಸಮಯ ಆಗಿಹೋಯಿತು ಅಂತ ಸಂಘಟಕರು ಗಡಿಯಾರ ತೋರಿಸುತ್ತಿದ್ದಾರೆ. ಕೊನೆಗೆ ಟೆಕ್ಸಸ್‌ನದ್ದಲ್ಲ, ಆ ಡೆಟ್ರಾಯಿಟ್ ರೆಕಾರ್ಡನ್ನೇ ಹಾಕುತ್ತೇನೆ. ಮೂರು ನಿಮಿಷ.

('ಬೂಗಿ ಚಿಲನ್' ಹಾಕಿದೆವು. ಮುಗಿದ ಮೇಲೆ ಮುಂದಿನ ಸಾಲಿನ ಹಿರಿಯರು ಮತ್ತೆ ಕೈ ಎತ್ತಿದರು.)

"ಡ್ರಮ್ಸ್ ಚೆನ್ನಾಗಿದೆ. ಯಾರು ನುಡಿಸಿದ್ದು?"

ಡ್ರಮ್ಸ್ ಇಲ್ಲ ಸಾರ್. ಅದು ಹೂಕರ್ ಬೂಟು. ಕಾಲ ಕೆಳಗೊಂದು ಹಲಗೆ ಇಟ್ಟಿದ್ದರು.